ಅಕ್ಕ ಹುಬ್ಬು ಬರೆಸಲು ಹೊರಟದ್ದು

ನಮ್ಮ ಅಕ್ಕನ ಎಡ ಹುಬ್ಬು ಬೀಗರಾಗುವವರ ಮನೆಯ ಟವೆಲ್‌ನಲ್ಲಿ ಉಳಿದುಹೋಯಿತು.

(ಎಡ ಎಂಬುದು ನನ್ನ ನೆನಪು. ಬಲ ಎನ್ನುತ್ತಾಳೆ ಅಕ್ಕ. ಹುಬ್ಬು ಅವಳದ್ದು, ಅವಳ ಮಾತನ್ನೇ ನಂಬಬೇಕು. ಆದರೆ ಅವಳು ನೋಡಿಕೊಂಡದ್ದು ಕಾರಿನ ಕನ್ನಡಿಯಲ್ಲಿ. ಹಾಗಾಗಿ ಈ ವಿಷಯ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.)

ಅಕ್ಕ ಇರುವುದು ನಂದಗುಡಿಯಲ್ಲಿ. ಅವಳ ಮಗಳು ಮೇಘಳನ್ನು ನೋಡಿ ಒಪ್ಪಿಕೊಂಡವರು ಅನುಗೊಂಡನಹಳ್ಳಿ ಕಡೆಯವರು. ಹುಡುಗಿ ಒಪ್ಪಿಗೆಯಾದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬರುವುದು ನಮ್ಮಲ್ಲಿ ರೂಢಿ. ಎರಡು ಕಾರುಗಳಲ್ಲಿ ಹೋದೆವು. ಮನೆ ನೋಡಿದೆವು. ಹಸು ನೋಡಿದೆವು. ಬೋರ್‌ವೆಲ್ ಆನ್ ಮಾಡಿ ತೋರಿಸಿದರು, ಅದನ್ನೂ ನೋಡಿದೆವು. ಜೂನ್ ತಿಂಗಳಾದರೂ ಸೆಕೆ ಹೋಗಿರಲಿಲ್ಲ. ಊಟ ಮುಗಿಸಿ ಕೈ ತೊಳೆಯಲು ಹೋದ ಅಕ್ಕ, ಮೈಮರೆತು ಮುಖಕ್ಕೂ ನೀರು ಹಾಕಿಕೊಂಡಳು. ಯಾರೋ ಟವೆಲ್ ಕೊಟ್ಟರು. ಒರೆಸಿಕೊಂಡಳು.

ಅಕ್ಕನ ಹುಬ್ಬು ಪೆನ್ಸಿಲ್‌ನದು. ಥೈರಾಯ್ಡ್ ಬಂದ ಮೇಲೆ ನಿಜವಾದ ಹುಬ್ಬು ಹೊರತುದಿಯಿಂದ ಉದುರುತ್ತ ಬಂದು, ಈಗ ಮೂಗಿನ ಹತ್ತಿರ ಒಂದಿಷ್ಟು ಕೂದಲು ಮಾತ್ರ ಉಳಿದಿದೆ. ದಿನಾ ಬೆಳಗ್ಗೆ ಹಾಲು ಕರೆದು, ಡೇರಿಗೆ ಹಾಕಿ ಬಂದು, ಕನ್ನಡಿ ಮುಂದೆ ಕೂತು ಬರೆದುಕೊಳ್ಳುತ್ತಾಳೆ.

ಹೊರಡುವಾಗ ಹುಡುಗನ ತಾಯಿ ರತ್ನಮ್ಮ ಅಕ್ಕನಿಗೆ ಅರಿಶಿನ ಕುಂಕುಮ ಇಟ್ಟರು. ಅಂದರೆ ಅರ್ಧ ಅಡಿ ದೂರದಿಂದ ಮುಖ ನೋಡಿದರು.  ಕುಂಕುಮ ಇಡುವ ಕೈ ಒಂದು ಗಳಿಗೆ ನಿಂತಿತು ಎನ್ನುತ್ತಾಳೆ ಅಕ್ಕ. ನಾನು ಪಕ್ಕದಲ್ಲೇ ಇದ್ದೆ, ನಿಂತದ್ದು ಕಾಣಲಿಲ್ಲ. ಕಂಡಿತ್ತೇನೋ, ಈಗ ಹೇಳಲಾರೆ.

ಕಾರು ಮೇನ್ ರೋಡಿಗೆ ಬಂದ ಮೇಲೆ ಭಾವ ಡ್ರೈವ್ ಮಾಡುತ್ತಲೇ ಕನ್ನಡಿಯಲ್ಲಿ ಅಕ್ಕನನ್ನು ನೋಡಿದರು. ಮತ್ತೊಮ್ಮೆ ನೋಡಿದರು.

"ಲೇ, ಇನ್ನೊಂದು ಹುಬ್ಬು ಎಲ್ಲೇ?"

ಅಕ್ಕ ಮುಂದಕ್ಕೆ ಬಾಗಿ ಅದೇ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಮನೆಗೆ ಬಂದು ಸೀರೆಯನ್ನೂ ಬದಲಾಯಿಸದೆ ಕೂತವಳು ಹೇಳಿದ್ದು ಇಷ್ಟೇ: "ಏನೋ ಕಾಯಿಲೆ ಮುಚ್ಚಿಟ್ಟವ್ರೆ ಅಂದ್ಕೋತಾರೆ ಕಣೇ. ತಾಯಿಗಿರೋದು ಮಗಳಿಗೂ ಬರ್ತದೆ ಅಂತಾರೆ. ಸಂಬಂಧ ತಪ್ಪೋದ್ರೆ ಮೇಘನ ಮುಖ ಹೆಂಗೆ ನೋಡ್ಲಿ?"

ಒಂದು ಹುಬ್ಬಿಗೆ ಸಂಬಂಧ ತಪ್ಪುತ್ತದೆಯೇ? ನಗಬೇಡಿ. ಚಿಕ್ಕ ಚಿಕ್ಕ ಕಾರಣಕ್ಕೆ ತಪ್ಪಿದ ಸಂಬಂಧಗಳು ನಿಮಗೂ ಗೊತ್ತು, ನನಗೂ ಗೊತ್ತು.

ನಿಶ್ಚಿತಾರ್ಥ ಶ್ರಾವಣಕ್ಕೆ, ಮದುವೆ ಕಾರ್ತಿಕಕ್ಕೆ ಎಂದು ಮಾತಾಗಿತ್ತು. ನಡುವೆ ಆಷಾಢ. ಆಷಾಢದಲ್ಲಿ ಶುಭಕಾರ್ಯವಿಲ್ಲ, ಯಾರೂ ಕರೆಯುವುದಿಲ್ಲ, ಪಾರ್ಲರ್‌ಗಳು ಖಾಲಿ, ಖಾಲಿಯಾದ್ದರಿಂದ ಆಫರ್. ಅಕ್ಕನ ಊರಿಂದ ಏರ್‌ಪೋರ್ಟ್ ಕೆಲಸಕ್ಕೆ ಹೋಗುವ ಹುಡುಗಿಯೊಬ್ಬಳ ಹುಬ್ಬು ಮಳೆ ಬಂದರೂ ಬೆವರಿದರೂ ಇದ್ದಲ್ಲೇ ಇರುವುದನ್ನು ಅಕ್ಕ ಗಮನಿಸಿದ್ದಳು. ವಿಚಾರಿಸಿದಳು. ಪರ್ಮನೆಂಟ್ ಮೇಕಪ್ ಅಂತೆ. ಒಂದು ಸಲ ಬರೆಸಿದರೆ ಮುಗಿಯಿತಂತೆ.

"ನೀನು ಓದ್ದೋಳು, ಜೊತೆಗೆ ಬಾ" ಎಂದು ಫೋನ್ ಮಾಡಿದಳು. ನಾನು ದೇವನಹಳ್ಳಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹುಬ್ಬಿಗೂ ಇತಿಹಾಸಕ್ಕೂ ಏನು ಸಂಬಂಧ ಎಂದು ಕೇಳಲಿಲ್ಲ. ಹೋದೆ.

ಮೊದಲು ಹೋದದ್ದು ಹೊಸಕೋಟೆಯ ಒಂದು ಪಾರ್ಲರ್‌ಗೆ. ಬಾಗಿಲಲ್ಲೇ ಬೋರ್ಡು: ಆಷಾಢ ಧಮಾಕ, ಹುಬ್ಬು ಬರೆಸಿದರೆ ತುಟಿಯ ಬಣ್ಣ ಅರ್ಧ ದರ. ಒಳಗಿದ್ದಾಕೆ ಅಕ್ಕನನ್ನು ನೋಡಿದ್ದೇ "ಕೂತ್ಕೊಳ್ಳಿ ಮೇಡಂ, ಒಂದವರ್ ಅಷ್ಟೇ" ಎಂದರು.

ನಾನು ನೆಟ್‌ನಲ್ಲಿ ಒಂದಿಷ್ಟು ಓದಿಕೊಂಡು ಹೋಗಿದ್ದೆ. "ಸೂಜಿ ಹೊಸದಾ?"

"ಎಲ್ಲಾ ಫಾರಿನ್ ಮೇಡಂ."

"ಹೊಸದಾ ಅಂತ ಕೇಳಿದೆ."

"ಫಾರಿನ್ ಅಂದ್ರೆ ಹೊಸದೇ ಅಲ್ವಾ ಮೇಡಂ?"

ಸೂಜಿ ಕೂಡಿಸಿದ ಪೆನ್ನು ಒಂದು ಸ್ಟೀಲ್ ಲೋಟದಲ್ಲಿ, ಬೆಳ್ಳಗಿನ ಯಾವುದೋ ನೀರಿನಲ್ಲಿ ನಿಂತಿತ್ತು. ಬಣ್ಣದ ಬಾಟಲಿಯ ಮೇಲಿನ ಲೇಬಲ್ ಸವೆದುಹೋಗಿತ್ತು. ಅಲರ್ಜಿ ಆದರೆ ಏನು ಮಾಡುವುದು ಎಂದು ಕೇಳಿದೆ. "ನಮ್ಮಲ್ಲಿ ಯಾರಿಗೂ ಆಗಿಲ್ಲ" ಎಂದರು. ಎಷ್ಟು ವರ್ಷ ಇರುತ್ತದೆ? "ಲೈಫ್‌ಟೈಮ್." ಯಾರ ಲೈಫ್‌ಟೈಮ್ ಎಂದು ಕೇಳಬೇಕೆನಿಸಿತು. ಅಕ್ಕನನ್ನು ಎಬ್ಬಿಸಿಕೊಂಡು ಬಂದೆ. ಅವಳು ಆಗಲೇ ಹೇರ್‌ಬ್ಯಾಂಡ್ ಹಾಕಿಸಿಕೊಂಡು ಕೂತಿದ್ದಳು. ಮೆಟ್ಟಿಲಿಳಿಯುವಾಗ ಅದನ್ನು ಬಿಚ್ಚಿ ವಾಪಸ್ ಕೊಟ್ಟು ಬಂದೆವು.

ನಮ್ಮಜ್ಜಿಯ ಹಣೆಯ ಮೇಲೆ ಹಚ್ಚೆ ಇತ್ತು. ಹಚ್ಚೆಯವಳು ಬೀದಿಗೆ ಬಂದಾಗ ಸಾಲಾಗಿ ಕೂತು ಹಾಕಿಸಿಕೊಂಡರಂತೆ. ಒಂದೇ ಸೂಜಿ, ಇಡೀ ಬೀದಿ. ಅಜ್ಜಿಗೆ ಏನೂ ಆಗಲಿಲ್ಲ ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಅಜ್ಜಿಯ ಪಕ್ಕ ಕೂತಿದ್ದವರಿಗೆ ಏನಾಯಿತು? ಅದು ನಮ್ಮ ಮನೆಯ ಕತೆಯಲ್ಲಿ ಬರುವುದಿಲ್ಲ.

ಎರಡನೆಯದು ದೇವನಹಳ್ಳಿಯ ಚರ್ಮದ ಡಾಕ್ಟರ ಕ್ಲಿನಿಕ್. ಟೈಲ್ಸ್ ಅಂಗಡಿಯ ಮೇಲಿನ ಮಹಡಿ. ಅಲ್ಲಿ ಹುಬ್ಬು ಬರೆಯುವ ಹುಡುಗಿಯ ಹೆಸರು ಶ್ವೇತ. ಅವಳು ಅಕ್ಕನನ್ನು ಆಂಟಿ ಎಂದು ಕರೆದಳು. ಅಕ್ಕನಿಗೆ ಅದು ಹಿಡಿಸಲಿಲ್ಲ, ಸಹಿಸಿಕೊಂಡಳು. ಆಮೇಲೆ ಪ್ರಶ್ನೆಗಳು ಶುರುವಾದವು.

"ಶುಗರ್ ಇದೆಯಾ ಆಂಟಿ?"

"ನಮ್ಮ ವಂಶದಲ್ಲೇ ಇಲ್ಲ."

"ಬಿ.ಪಿ.?"

"ಅದೂ ಇಲ್ಲ."

"ಥೈರಾಯ್ಡ್?"

"ಹಂಗಂದ್ರೆ?"

ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗಿ ಬಸ್ಸು ಹತ್ತಿದವಳು ಇವಳೇ.

"ಗಾಯ ಆದ್ರೆ ಬೇಗ ವಾಸಿ ಆಗುತ್ತಾ?"

"ನಮ್ಮನೇಲಿ ಯಾರಿಗೂ ಗಾಯಾನೇ ಆಗಲ್ಲಮ್ಮ."

ಶ್ವೇತ ಕೆಳಗೆ ನೋಡಿದಳು. ಅಕ್ಕನ ಕಾಲಿನ ಹೆಬ್ಬೆರಳಿಗೆ ಬ್ಯಾಂಡೇಜ್ ಇತ್ತು. ಹಸು ತುಳಿದು ಒಂದು ತಿಂಗಳ ಮೇಲಾಗಿತ್ತು. ಅಕ್ಕ ಮೆಲ್ಲಗೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

ಆಗ ಹೊಳೆಯಿತು. ಈ ಉತ್ತರಗಳನ್ನು ನಾನು ಮೊದಲೂ ಕೇಳಿದ್ದೇನೆ. ಇದೇ ಧಾಟಿ, ಇದೇ ವೇಗ. ಹೆಣ್ಣು ನೋಡಲು ಬಂದವರ ಮುಂದೆ ನಮ್ಮ ದೊಡ್ಡವರು ಕೊಡುವ ಉತ್ತರಗಳು ಇವು. ಅಪ್ಪನಿಗೆ ಶುಗರ್ ಇತ್ತು. ನನ್ನ ಮದುವೆಯ ಮಾತುಕತೆಯ ದಿನ ಅವರು ಕೇಸರಿಬಾತ್ ಮುಟ್ಟದೇ ಇದ್ದದ್ದಕ್ಕೆ, "ಅವರಿಗೆ ಚಿಕ್ಕಂದಿನಿಂದ ಸಿಹಿ ಸೇರಲ್ಲ" ಎಂದು ಅಮ್ಮ ಹೇಳಿದಳು. ಹೇಳಿದಳು ಎಂದೇ ನನ್ನ ನೆನಪು. (ಅಮ್ಮನನ್ನು ಕೇಳಿದರೆ "ಅಂಗೆಲ್ಲಾ ಯಾಕೇಳ್ಲಿ ನಾನು" ಎನ್ನುತ್ತಾಳೆ. ಈ ಉತ್ತರವೂ ಅದೇ ಧಾಟಿಯದು.)

"ಅಕ್ಕಾ, ಇವರು ಹೆಣ್ಣು ನೋಡೋಕೆ ಬಂದಿಲ್ಲ ಕಣೇ" ಎಂದೆ.

"ಗೊತ್ತು ಸುಮ್ನಿರು. ಬಾಯಿಗೆ ಬಂದ್ಬಿಡ್ತು."

ಆಮೇಲೆ ನಿಜ ಹೇಳಿದಳು. ಶುಗರ್ ಇದೆ. ಮೂರು ವರ್ಷ ಆಯಿತು. ಮಾತ್ರೆ ಇದೆ, ನೆನಪಾದಾಗ ತಗೊಳ್ಳುತ್ತಾಳೆ. ಇದು ನನಗೂ ಗೊತ್ತಿರಲಿಲ್ಲ. ಸ್ವಂತ ತಂಗಿಯಿಂದ ಯಾಕೆ ಮುಚ್ಚಿಟ್ಟೆ ಎಂದದ್ದಕ್ಕೆ, "ನಿಂಗೂ ಹೆಣ್ಮಗು ಐತಲ್ಲೇ, ನಾಳೆ ಅದಕ್ಕೂ ಗಂಡು ನೋಡ್ಬೇಕಲ್ಲ" ಎಂದಳು. ನನ್ನ ಮಗಳು ಐದನೇ ಕ್ಲಾಸು.

ಶ್ವೇತ ಬೈಯಲಿಲ್ಲ. ಅವಳಿಗೆ ಇದು ಹೊಸದೂ ಆಗಿರಲಿಲ್ಲ. "ಇದು ಮೇಲೆ ಬಣ್ಣ ಬಳಿಯೋದಲ್ಲ ಆಂಟಿ. ಚರ್ಮಾನ ಸಣ್ಣಗೆ ಗೀರಿ, ಒಳಗೆ ಬಣ್ಣ ಕೂರಿಸೋದು. ಗಾಯಾನೇ ಅದು. ಶುಗರ್ ಜಾಸ್ತಿ ಇದ್ರೆ ಬೇಗ ಒಣಗಲ್ಲ, ಕೀವು ಆಗ್ಬಹುದು. ಬಣ್ಣಾನೂ ಸರಿಯಾಗಿ ನಿಲ್ಲಲ್ಲ." ಪಕ್ಕದ ಲ್ಯಾಬಿನಲ್ಲಿ ರಕ್ತ ಕೊಡಿಸಿದಳು. ಕಿವಿಯ ಹಿಂದೆ ಒಂದು ಚುಕ್ಕೆ ಬಣ್ಣ ಹಾಕಿ, ಕೆರೆತ ಬಂದರೆ ಫೋನ್ ಮಾಡಿ ಎಂದಳು. ಅದಕ್ಕೆ ಬಳಸಿದ ಸೂಜಿಯ ಕವರನ್ನು ನಮ್ಮ ಮುಂದೆಯೇ ಹರಿದಳು. ಅಕ್ಕ ಅದನ್ನು ನೋಡುತ್ತಲೇ ಇರಲಿಲ್ಲ. ಅವಳು ಪರ್ಸಿನಲ್ಲಿ ಏನೋ ಹುಡುಕುತ್ತಿದ್ದಳು.

ತೆಗೆದದ್ದು ಒಂದು ಫೋಟೊ. ಮದುವೆಗೆ ಮುಂಚೆ ಗಂಡಿನವರಿಗೆ ಕೊಡಲು ಹೊಸಕೋಟೆಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಬ್ಲ್ಯಾಕ್ ಅಂಡ್ ವೈಟ್. ಹಿಂದೆ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂ, ಅಕ್ಕನ ಮುಖದಲ್ಲಿ ಬಿಲ್ಲಿನಂತೆ ಬಾಗಿದ ಎರಡು ದಟ್ಟ ಹುಬ್ಬು.

"ಇಂಗೇ ಬೇಕು. ಇದು ನಂದೇ."

ಶ್ವೇತ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಆಂಟಿ, ಇದು ಟಚಿಂಗ್ ಮಾಡಿರೋದು."

ಆಗಿನ ಸ್ಟುಡಿಯೋದವರು ಹೆಣ್ಣಿನ ಫೋಟೊಗೆ ಬ್ರಷ್ಷು, ಪೆನ್ಸಿಲ್ಲು ಹಿಡಿದು ಕೂರುತ್ತಿದ್ದರು. ಮೊಡವೆ ತೆಗೆಯುತ್ತಿದ್ದರು, ಹುಬ್ಬು ತಿದ್ದುತ್ತಿದ್ದರು. ನೋಡಿದರೆ ಹೌದು, ಎರಡೂ ಹುಬ್ಬು ಒಂದೇ ಅಚ್ಚು. ಬಲಗಡೆಯದು ಹಣೆಗೆ ಬಿದ್ದ ಕೂದಲಿನ ಮೇಲೂ ಹಾದುಹೋಗಿದೆ. ಯಾವ ಮನುಷ್ಯರ ಹುಬ್ಬೂ ಕೂದಲಿನ ಮೇಲೆ ಬೆಳೆಯುವುದಿಲ್ಲ.

ಅಕ್ಕ ಫೋಟೊ ವಾಪಸ್ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಭಾವನಿಗೆ ಫೋನ್ ಮಾಡಿ ಕೇಳಿದಳು: "ಮದುವೇಲಿ ನನ್ನ ಹುಬ್ಬು ಹೆಂಗಿತ್ತು?"

ಆ ಕಡೆಯಿಂದ ಟ್ರ್ಯಾಕ್ಟರ್ ಸದ್ದು. "ಯಾವ್ ಹುಬ್ಬು?"

ನನಗೆ ನೆನಪಿದೆಯೇ? ಇದೆ. ದಟ್ಟ ಹುಬ್ಬಿನ ಅಕ್ಕ ಚೆನ್ನಾಗಿ ನೆನಪಿದ್ದಾಳೆ. ಆದರೆ ಆ ನೆನಪಿನಲ್ಲಿ ಅಕ್ಕನ ಪಕ್ಕ ಪ್ಲಾಸ್ಟಿಕ್ ಹೂ ಇದೆ. ಅಂದರೆ ನಾನು ಅಕ್ಕನನ್ನು ನೆನಪಿಟ್ಟುಕೊಂಡಿಲ್ಲ, ನಡುಮನೆಯ ಗೋಡೆಯ ಮೇಲಿದ್ದ ಇದೇ ಫೋಟೊವನ್ನು ನೆನಪಿಟ್ಟುಕೊಂಡಿದ್ದೇನೆ. ಇಷ್ಟು ವರ್ಷದಿಂದ ಡೈರಿ ಬರೆಯುವ ನನ್ನ ಕತೆ ಇದು.

"ನಿಮ್ಮ ಹುಬ್ಬಿನ ಮೂಳೆ ನೋಡಿ ಶೇಪ್ ಹಾಕ್ತೀನಿ" ಎಂದಳು ಶ್ವೇತ. "ಮೊದಲು ಪೆನ್ಸಿಲ್‌ನಲ್ಲಿ ಬರೆದು ತೋರಿಸ್ತೀನಿ, ನೀವು ಹೂಂ ಅಂದ್ಮೇಲೇ ಸೂಜಿ. ಮೊದಲ ವಾರ ಇದ್ದಿಲು ಬಳಿದಂಗೆ ಕಾಣುತ್ತೆ. ಹೆದರಬೇಡಿ. ಹಕ್ಕಳೆ ಏಳುತ್ತೆ, ಕೀಳಬೇಡಿ. ಆಮೇಲೆ ತೆಳ್ಳಗಾಗುತ್ತೆ. ಒಂದೂವರೆ ತಿಂಗಳಾದ್ಮೇಲೆ ಇನ್ನೊಂದ್ಸಲ ತುಂಬಬೇಕು."

"ಆಮೇಲೆ ಪರ್ಮನೆಂಟು?"

"ಒಂದೂವರೆ ವರ್ಷ ಇರುತ್ತೆ ಆಂಟಿ. ಕೆಲವರಿಗೆ ಎರಡು."

"ಮತ್ತೆ ಪರ್ಮನೆಂಟ್ ಅಂತ ಯಾಕಂತೀರಾ?"

"ಅಂಗೇ ಕರೀತಾರೆ."

(ನಮ್ಮ ಕಾಲೇಜಿನಲ್ಲಿ ಹದಿಮೂರು ವರ್ಷದಿಂದ ಟೆಂಪರರಿ ಲೆಕ್ಚರರ್ ಒಬ್ಬರಿದ್ದಾರೆ. ನನಗೆ ಆಶ್ಚರ್ಯವಾಗಲಿಲ್ಲ.)

ಕೊನೆಗೆ ಶ್ವೇತ ಒಂದು ಮಾತು ಹೇಳಿದಳು: ಹಕ್ಕಳೆ ಉದುರುವವರೆಗೆ ಹುಬ್ಬಿನ ಹತ್ತಿರ ಎಣ್ಣೆ, ಅರಿಶಿನ ಸೋಕಿಸಬಾರದು. ಅಕ್ಕ ದಂಗಾದಳು. ಮುತ್ತೈದೆಗೆ ಯಾರಾದರೂ ಅರಿಶಿನ ಹಚ್ಚಲು ಬಂದರೆ ಬೇಡ ಎನ್ನುವುದು ಹೇಗೆ? ಆಷಾಢದ ಶುಕ್ರವಾರ ನಮ್ಮ ಕಡೆ ಯಾರ ಮನೆಗೆ ಹೋದರೂ ಎರಡು ಕೆನ್ನೆಗೂ ಮೆತ್ತುತ್ತಾರೆ. ಗಾಯ ಎಂದರೆ ಇನ್ನೂ ಜಾಸ್ತಿ ಮೆತ್ತುತ್ತಾರೆ, ಗಾಯಕ್ಕೆ ಅದೇ ಮದ್ದಲ್ಲವೇ?

ರಿಪೋರ್ಟ್ ಬಂತು. ಡಾಕ್ಟರು ನೋಡಿ, ಈಗ ಆಗುವುದಿಲ್ಲ, ಶುಗರ್ ಇಳಿಸಿಕೊಂಡು ಬನ್ನಿ ಎಂದರು. ಕಾಲಿನ ಬ್ಯಾಂಡೇಜನ್ನೂ ಬಿಚ್ಚಿಸಿ ನೋಡಿದರು. ಅದನ್ನು ನೋಡಿದ ಮೇಲೆ ಅವರು ಹುಬ್ಬಿನ ಸುದ್ದಿಯನ್ನೇ ಎತ್ತಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ನನ್ನ ಮೇಲೆ ಹರಿಹಾಯ್ದಳು. "ನಿನ್ನಿಂದ್ಲೇ ಆಗಿದ್ದು. ಹೊಸಕೋಟೇಲಿ ಇಷ್ಟೊತ್ತಿಗೆ ಮುಗ್ದೋಗಿರೋದು. ನಾಳೆ ನಾನೊಬ್ಳೇ ಹೋಗಿ ಬರೆಸ್ಕೋತೀನಿ. ಅವ್ಳು ಏನೂ ಕೇಳಲ್ಲ."

"ಅದಕ್ಕೇ ಹೋಗ್ಬೇಡ ಅಂತಿರೋದು."

"ನಿಶ್ಚಿತಾರ್ಥಕ್ಕೆ ಇನ್ನೆಷ್ಟು ದಿನ ಐತೆ? ಅವ್ರ ಮುಂದೆ ಇನ್ನೊಂದ್ಸಲ ಒಂದು ಹುಬ್ಬಲ್ಲಿ ನಿಂತ್ಕೊಳ್ಳಾ?"

 ಬಸ್ಸು ಬಂತು, ಹತ್ತಿಸಿದೆ.

ಅವಳು ಹೊಸಕೋಟೆಗೆ ಹೋಗಲಿಲ್ಲ. ನನ್ನ ಮಾತು ಕೇಳಿ ಹೋಗಲಿಲ್ಲ ಎಂದು ಬರೆಯಲು ಆಸೆ. ಆದರೆ ಆ ವಾರ ಅವಳ ಕಾಲಿನ ಗಾಯಕ್ಕೆ ಮತ್ತೆ ಡ್ರೆಸ್ಸಿಂಗ್ ಮಾಡಿಸಬೇಕಾಯಿತು. ಕಾಲಿಗೆ ಹೀಗಾದರೆ ಮುಖಕ್ಕೆ ಏನಾದೀತು ಎಂದು ಲೆಕ್ಕ ಹಾಕಿದಳೆಂದು ಕಾಣುತ್ತದೆ. ಮೂರು ವರ್ಷ ಡಾಕ್ಟರು ಹೇಳಿದರೂ ಕೇಳದವಳು ಹುಬ್ಬಿಗಾಗಿ ಮಾತ್ರೆ ನುಂಗತೊಡಗಿದಳು. ಮುದ್ದೆ ಸಣ್ಣದಾಯಿತು. ಕಾಫಿಗೆ ಸಕ್ಕರೆ ನಿಂತಿತು. ಗಾಯ ಒಣಗಿದ ಮೇಲೆ ಕೆರೆ ಏರಿಯ ಮೇಲೆ ವಾಕಿಂಗ್ ಶುರುವಾಯಿತು. "ನಿಮ್ಮಕ್ಕನ ಹುಬ್ಬಿನ ದೆಸೆಯಿಂದ ನಮ್ಮನೇಲಿ ಪಾಯಸ ಕಾಣದಂಗಾಯ್ತು" ಎಂದರು ಭಾವ.

ಕಳೆದ ಭಾನುವಾರ ನಿಶ್ಚಿತಾರ್ಥ. ಅಕ್ಕ ಪೆನ್ಸಿಲ್ ಹುಬ್ಬಿನಲ್ಲೇ ಬಂದಿದ್ದಳು. ಬೆಳಗ್ಗೆಯಿಂದ ನೀರಿನ ಹತ್ತಿರ ಹೋಗಿರಲಿಲ್ಲ. ಬೆವರನ್ನು ಒರೆಸಿಕೊಳ್ಳದೆ ಫ್ಯಾನಿನ ಕೆಳಗೆ ಒಣಗಿಸಿಕೊಳ್ಳುತ್ತಿದ್ದಳು. ತಟ್ಟೆ ಬದಲಾಯಿಸುವ ಮುಂಚೆ ಬೀಗಿತ್ತಿಯರು ಒಬ್ಬರ ಬಾಯಿಗೆ ಒಬ್ಬರು ಸಿಹಿ ಇಡಬೇಕು, ಫೋಟೊಗ್ರಾಫರ್ ಅದನ್ನು ಹಿಡಿಯಬೇಕು.

ರತ್ನಮ್ಮ ಲಾಡು ಎತ್ತಿದರು. "ತಗೊಳ್ಳಿ ಬೀಗ್ರೆ."

ಅಕ್ಕ ಬಾಯಿ ತೆರೆಯಲಿಲ್ಲ.

"ಅಮ್ಮಾ, ಬಾಯಿ" ಎಂದ ಫೋಟೊಗ್ರಾಫರ್.

ತೆರೆಯಲಿಲ್ಲ. ಮಾರನೆಯ ದಿನ ಅವಳಿಗೆ ಬ್ಲಡ್ ಟೆಸ್ಟ್ ಇತ್ತು. ಒಂದು ಚೂರು ತಿಂದರೆ ಆಕಾಶ ಬೀಳುವುದಿಲ್ಲ ಎಂದು ಸನ್ನೆ ಮಾಡಿದೆ. ನನ್ನ ಕಡೆ ನೋಡಲಿಲ್ಲ. ಹುಡುಗನ ಸೋದರಮಾವ ಎಲ್ಲರಿಗೂ ಕೇಳುವಂತೆ, "ಏನ್ ಬೀಗ್ರೆ, ಸಂಬಂಧ ಒಪ್ಗೆ ಇಲ್ವಾ?" ಎಂದರು. ತಮಾಷೆಗೆ ಅಂದದ್ದು. ಯಾರೂ ನಗಲಿಲ್ಲ. ಮೇಘ ತಲೆ ತಗ್ಗಿಸಿದಳು.

"ನಂಗೆ ಶುಗರ್ ಐತೆ ಕಣ್ರೀ" ಎಂದಳು ಅಕ್ಕ. ಮೆಲ್ಲಗೇ ಹೇಳಿದಳು, ಆದರೆ ಛತ್ರದಲ್ಲಿ ಆಗ ಬೇರೆ ಸದ್ದಿರಲಿಲ್ಲ. "ಥೈರಾಯ್ಡೂ ಐತೆ. ಈ ಹುಬ್ಬು ಪೆನ್ಸಿಲ್ಲು. ಸರಿಯಾಗಿ ಬರೆಸೋಣ ಅಂತ ಹೋದ್ರೆ, ಶುಗರ್ ಇಳೀದೆ ಬರಿಯಲ್ಲ ಅಂದ್ರು. ನಾಳೆ ರಕ್ತ ಕೊಡ್ಬೇಕು. ಮುಚ್ಚಿಟ್ರು ಅಂತ ಆಮೇಲೆ ಅನ್ಬೇಡಿ."

ರತ್ನಮ್ಮ ಲಾಡು ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ. ಇಳಿಸಿದರೆ ಏನು ಅರ್ಥವಾಗುತ್ತದೋ ಎಂಬ ಭಯ ಅವರಿಗೂ ಇತ್ತೇನೋ.

"ಅವತ್ತೇ ನೋಡ್ದೆ, ಕುಂಕುಮ ಇಡೋವಾಗ" ಎಂದರು. "ಕೇಳೋಣ ಅಂದ್ಕೊಂಡೆ. ನಾನು ಕೇಳಿದ್ರೆ ನೀವೂ ಕೇಳ್ತೀರಲ್ಲ ಅಂತ ಸುಮ್ನಾದೆ."

"ಏನು ಕೇಳ್ತಿದ್ವಿ?" ಎಂದಳು ಅಕ್ಕ.

ರತ್ನಮ್ಮ ಗಂಡನ ಕಡೆ ನೋಡಿದರು. ಅವರು ಪಂಚೆ ಸರಿಮಾಡಿಕೊಂಡರು. "ಇವ್ರಿಗೆ ಬಹಳ ವರ್ಷದಿಂದ ಐತೆ ಶುಗರ್ರು. ಹುಡುಗಂಗೆ ಇನ್ನೂ ಬಂದಿಲ್ಲ. ಬಾರ್ಡರ್‌ನಲ್ಲಿ ಐತೆ, ಹುಷಾರು ಅಂದವ್ರೆ ಡಾಕ್ಟ್ರು" ಎಂದರು ರತ್ನಮ್ಮ.

ಹುಡುಗ ತನ್ನ ಎಲೆಯಡಿಕೆ ತಟ್ಟೆಯನ್ನೇ ನೋಡುತ್ತ ಕೂತಿದ್ದ. ನಾನು ಭಾವನ ಮುಖ ನೋಡಿದೆ. ಈಗ ಎದ್ದು ನಿಲ್ಲುತ್ತಾರೆ ಎಂದುಕೊಂಡೆ. ಅವರು ಸ್ವಲ್ಪ ಯೋಚಿಸಿ, "ಮಾತ್ರೆ ತಗೋತವ್ರಾ, ಇಲ್ಲ ಇವಳ ಥರಾನೇನಾ?" ಎಂದು ಬೀಗರ ಕಡೆ ಕೈ ತೋರಿಸಿದರು. ಬೀಗರು, "ನೆನಪಾದಾಗ ತಗೋತೀನಿ" ಎಂದರು. ಅಲ್ಲಿಗೆ ಯಾರೋ ನಕ್ಕರು. ತಾಂಬೂಲ ಬದಲಾಯಿತು.

ಲಾಡು ಮಾತ್ರ ಇನ್ನೂ ಗಾಳಿಯಲ್ಲೇ ಇತ್ತು. "ತಿನ್ನೋದು ಬೇಡಮ್ಮ, ಬಾಯಿ ಹತ್ರ ಇಟ್ಕೊಳ್ಳಿ ಸಾಕು" ಎಂದ ಫೋಟೊಗ್ರಾಫರ್. ಇಟ್ಟುಕೊಂಡರು. ಕ್ಲಿಕ್ಕಾಯಿತು. ಇನ್ನು ಹತ್ತು ವರ್ಷ ಬಿಟ್ಟು ಆಲ್ಬಂ ನೋಡಿದವರು ಅಕ್ಕ ಅವತ್ತು ಲಾಡು ತಿಂದಳು ಎಂದೇ ಹೇಳುತ್ತಾರೆ. ನಾನೂ ಹೇಳಬಹುದು. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ: ತಿನ್ನಲಿಲ್ಲ.

ಊಟದ ಪಂಕ್ತಿಯಲ್ಲಿ ಮೇಘ ನನ್ನ ಪಕ್ಕ ಕೂತಳು. "ನಿಂಗೆ ಗೊತ್ತಿತ್ತೇನೇ, ಹುಡುಗಂದು?" ಎಂದು ಕೇಳಿದೆ.

"ಇಲ್ಲ ಚಿಕ್ಕಮ್ಮ. ನಾನು ಕೇಳ್ಲಿಲ್ಲ. ಅಮ್ಮಂದು ಅವ್ರೂ ಕೇಳ್ಲಿಲ್ಲ."

"ಎರಡು ತಿಂಗಳಿಂದ ದಿನಾ ಫೋನಲ್ಲಿ ಮಾತಾಡ್ತಿದ್ರಲ್ಲ, ಏನ್ ಮಾತಾಡಿದ್ರಿ?"

ಸ್ವಲ್ಪ ಯೋಚಿಸಿದಳು. "ಊಟ ಆಯ್ತಾ ಅಂತ."

ಅಕ್ಕನ ರಿಪೋರ್ಟ್ ಬಂದಿದೆ. ಸಾಕಷ್ಟು ಇಳಿದಿದೆ. ಹುಬ್ಬು ಬರೆಯುವುದು ಪಿತೃಪಕ್ಷದಲ್ಲಿ ಎಂದು ನಿಗದಿಯಾಗಿದೆ. ಆಗ ಯಾರೂ ಅರಿಶಿನ ಹಿಡಿದು ಮನೆಗೆ ಬರುವುದಿಲ್ಲ. ಪಕ್ಷದಲ್ಲಿ ಹೊಸದೇನೂ ತಗೋಬಾರದು ಎಂದು ಭಾವ ತಕರಾರು ತೆಗೆದರು. "ಹೊಸಾದಲ್ಲ, ಇದ್ದಿದ್ದನ್ನೇ ವಾಪಸ್ ತಗೊಳ್ತಿರೋದು" ಎಂದಳು ಅಕ್ಕ. ನಿನ್ನೆ ಕ್ಲಿನಿಕ್‌ನಿಂದ ಫೋನ್ ಬಂದಿತ್ತಂತೆ. ಶುಗರ್, ಬಿ.ಪಿ., ಥೈರಾಯ್ಡ್, ಗಾಯ, ಅಲರ್ಜಿ ಎಂದು ಶ್ವೇತ ಎಲ್ಲವನ್ನೂ ಮೊದಲಿಂದ ಕೇಳಿದಳಂತೆ. ಅಕ್ಕ ಈ ಸಲ ಎಲ್ಲವನ್ನೂ ಸರಿಯಾಗಿ ಹೇಳಿದಳಂತೆ.

ಒಂದೂವರೆ ವರ್ಷ ಇರುವ ಹುಬ್ಬಿಗೆ ಇಷ್ಟು ಪ್ರಶ್ನೆ. ಆಯುಷ್ಯವಿಡೀ ಇರಬೇಕಾದ ಸಂಬಂಧಕ್ಕೆ ಊಟ ಆಯ್ತಾ ಎಂದು ಕೇಳಿದರೆ ಸಾಕೇ?